ಬಿಳಿಗಿರಿರಂಗನ ಬೆಟ್ಟ ಯಾವ ಘಟ್ಟಕ್ಕೆ ಸೇರಿದ್ದು? ತಿಳಿದವರು ಹೇಳಿ

ಹಾದಿಹೋಕ

ಪ್ರೌಢಶಾಲೆಯಲ್ಲಿ ಭೂಗೋಳ ಪಾಠ ಮಾಡುತ್ತೇನೆ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಮಾತು ಬಂದಾಗಲೆಲ್ಲ ನನಗೇ ಗೊಂದಲ. ಒಂದು ಪುಸ್ತಕ ಅದನ್ನು ಪಶ್ಚಿಮ ಘಟ್ಟ ಎನ್ನುತ್ತದೆ, ಇನ್ನೊಂದು ಪೂರ್ವ ಘಟ್ಟ ಎನ್ನುತ್ತದೆ. ಮೂರನೆಯದು "ಎರಡೂ ಕೂಡುವ ತಾಣ" ಎಂದು ಬರೆದು ಕೈತೊಳೆದುಕೊಂಡಿದೆ. ಮಕ್ಕಳಿಗೆ ಏನೆಂದು ಹೇಳಲಿ?

ಇನ್ನೊಂದು ಸಂದೇಹವೂ ಇದೆ. ಯಳಂದೂರಿನ ಕಡೆಯಿಂದ ಗುಂಬಳ್ಳಿ ದಾಟಿ ಹತ್ತಿದರೆ ಮೊದಲು ಸಿಗುವುದು ಮುಳ್ಳುಪೊದೆ, ಒಣಕಲು ಮರ. ಮೇಲೇರಿದಂತೆ ಮತ್ತಿ, ಹೊನ್ನೆ, ಬೀಟೆ. ಇನ್ನೂ ಒಳಗೆ ನಡುಹಗಲಲ್ಲೂ ನೆಲಕ್ಕೆ ಬಿಸಿಲು ಬೀಳದ ಕಾಡು. ಅದರ ಮಗ್ಗುಲಲ್ಲೇ ಒಂದು ಮರವೂ ಇಲ್ಲದ ಹುಲ್ಲುಗುಡ್ಡ. ಇಷ್ಟು ಸಣ್ಣ ಸಾಲಿನಲ್ಲಿ ಇಷ್ಟು ಬಗೆಯ ಕಾಡು ಬಂದದ್ದು ಹೇಗೆ? ಅಲ್ಲಿನ ಸೋಲಿಗ ಬುಡಕಟ್ಟಿನವರ ಬಗ್ಗೆಯೂ ಪಠ್ಯದಲ್ಲಿ ಒಂದೇ ಸಾಲಿದೆ: "ಜೇನು ಸಂಗ್ರಹಿಸಿ ಬದುಕುತ್ತಾರೆ." ಅದಕ್ಕಿಂತ ಹೆಚ್ಚು ತಿಳಿದವರು ದಯವಿಟ್ಟು ಬರೆಯಿರಿ.

ಕಲ್ಲುಕುಟಿಗ

ಸರ್, ಮೂರನೆಯ ಪುಸ್ತಕ ಕೈತೊಳೆದುಕೊಂಡಿದ್ದರೂ ಸುಳ್ಳು ಹೇಳಿಲ್ಲ. ನಕ್ಷೆ ಬಿಡಿಸಿ ನೋಡಿ. ನೀಲಗಿರಿಯ ಈಶಾನ್ಯಕ್ಕೆ, ಮೋಯಾರ್ ಕಣಿವೆಯ ಆಚೆಗೆ, ಉತ್ತರ ದಕ್ಷಿಣವಾಗಿ ಹಬ್ಬಿದ ಸಾಲು ಇದು. ದಕ್ಷಿಣಕ್ಕೆ ಹೋದರೆ ತಮಿಳುನಾಡಿನ ಸತ್ಯಮಂಗಲದ ಕಾಡು. ಪೂರ್ವಕ್ಕೆ ಹೋದರೆ ಮಲೆ ಮಹದೇಶ್ವರ ಬೆಟ್ಟ, ಅಲ್ಲಿಂದ ಮುಂದೆ ಕಾವೇರಿ ಕಣಿವೆ. ಪಶ್ಚಿಮ ಘಟ್ಟದ ಮುಖ್ಯ ಸಾಲಿನಿಂದ ಹೊರಗೆ ಚಾಚಿಕೊಂಡು ಪೂರ್ವ ಘಟ್ಟದ ಬೆಟ್ಟಗಳನ್ನು ಮುಟ್ಟುವ ಕೊಂಡಿ ಎನ್ನಬಹುದು. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಇದು ಇಲ್ಲ. ಆದರೆ ಪಶ್ಚಿಮ ಘಟ್ಟದ ಎಷ್ಟೋ ಮರ, ಹಕ್ಕಿ, ಕಪ್ಪೆಗಳು ಇಲ್ಲಿವೆ. ಹಾಗಾಗಿ ಗಡಿ ಎಳೆಯುವವರು ಏನನ್ನು ನೋಡಿ ಎಳೆಯುತ್ತಾರೆ ಎಂಬುದರ ಮೇಲೆ ಉತ್ತರ ನಿಂತಿದೆ.

ಕಲ್ಲನ್ನು ಕೇಳಿದರೆ ಅದು ಘಟ್ಟದ ಜಗಳಕ್ಕೆ ಬರುವುದೇ ಇಲ್ಲ. ಈ ಸಾಲಿನ ಬಹುಭಾಗ ಚಾರ್ನೊಕೈಟ್. ನೀಲಗಿರಿಯೂ ಅದೇ ಜಾತಿಯ ಕಲ್ಲು, ಪೂರ್ವ ಘಟ್ಟದಲ್ಲೂ ಅದು ಧಾರಾಳವಾಗಿ ಸಿಗುತ್ತದೆ. ಹೊಸದಾಗಿ ಒಡೆದ ಚೂರನ್ನು ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ: ಕಪ್ಪು ಬೂದು, ಒಳಗೆ ಹಸಿರು ಛಾಯೆ, ಮೇಲೆ ಎಣ್ಣೆ ಸವರಿದಂಥ ಜಿಡ್ಡು ಹೊಳಪು. ಭೂಮಿಯ ಆಳದಲ್ಲಿ, ಭಾರೀ ಒತ್ತಡದಲ್ಲಿ, ನೀರಿನ ಅಂಶ ತೀರಾ ಕಡಿಮೆಯಿರುವ ಕಡೆ ಬೆಂದ ಕಲ್ಲು ಅದು. ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ನಾವು ಇಂದು ತುಳಿಯುವುದು ಒಂದು ಕಾಲದಲ್ಲಿ ಪಾತಾಳದಲ್ಲಿದ್ದ ಪದರವನ್ನು. ಮೇಲಿದ್ದುದೆಲ್ಲ ಸವೆದು ಹೋಗಿದೆ.

ಕಾಡಿನ ಬಗೆಗೆ ಬಂದರೆ, ಬುಡ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅತಿ ಎತ್ತರದ ಕತ್ತರಿ ಬೆಟ್ಟ ಸುಮಾರು 1800 ಮೀಟರ್. ಬುಡದಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ತುದಿಯಲ್ಲಿ 3000ದ ತನಕ. ಮಳೆ ಐದು ಪಟ್ಟು ಏರಿದರೆ ಕಾಡು ಬದಲಾಗದೆ ಇರುತ್ತದೆಯೇ? ಬುಡದಲ್ಲಿ ಕುರುಚಲು, ನಡುವೆ ಎಲೆ ಉದುರಿಸುವ ಕಾಡು, ಮೇಲೆ ನಿತ್ಯಹಸಿರು, ಶಿಖರದ ಬಳಿ ಶೋಲಾ ಎಂಬ ಕುಳ್ಳು ಮರಗಳ ನಿತ್ಯಹಸಿರು ಕಾಡು ಮತ್ತು ಹುಲ್ಲುಗಾವಲು. ತಗ್ಗಿನ ಮಡಿಕೆಗಳಲ್ಲಿ ಮಣ್ಣೂ ನೀರೂ ನಿಲ್ಲುವುದರಿಂದ ಅಲ್ಲಿ ಶೋಲಾ ಮರಗಳು ಗುಂಪುಗೂಡುತ್ತವೆ, ಗಾಳಿಗೆ ಮೈಯೊಡ್ಡಿದ ಇಳಿಜಾರಿನಲ್ಲಿ ಹುಲ್ಲು. ಹೊನ್ನಮೇಟಿ, ಜೋಡಿಗೆರೆ ಕಡೆ ಇದನ್ನು ಒಂದೇ ನೋಟದಲ್ಲಿ ಕಾಣಬಹುದು.

ಸುವರ್ಣಾವತಿ

ಬೆಟ್ಟದ ಬುಡದವಳು ನಾನು. ಕಲ್ಲುಕುಟಿಗರು ಮಳೆಯ ಅಳತೆ ಹೇಳಿದರು, ಮಳೆಯ ಕಾಲವನ್ನು ನಾನು ಸೇರಿಸುತ್ತೇನೆ. ಇಲ್ಲಿ ಎರಡು ಮುಂಗಾರು ಎಂದರೂ ನಡೆಯುತ್ತದೆ. ಜೂನ್ ಹೊತ್ತಿಗೆ ನೈಋತ್ಯ ಮಾರುತ ಬರುತ್ತದೆ, ಆದರೆ ನೀಲಗಿರಿಯ ಹಿಂದೆ ಕುಳಿತಿರುವ ನಮಗೆ ಅದು ಕೊಡಗಿಗೆ ಸುರಿದಂತೆ ಸುರಿಯುವುದಿಲ್ಲ. ಅಕ್ಟೋಬರ್, ನವೆಂಬರಿನಲ್ಲಿ ಈಶಾನ್ಯ ಮಾರುತ ಬಂದು ಮತ್ತೆ ತೋಯಿಸುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಬೇರೆ. ಮಲೆನಾಡಿನ ಕಾಡಿಗೆ ನಾಲ್ಕು ತಿಂಗಳು ಅತಿವೃಷ್ಟಿ, ಆಮೇಲೆ ಉದ್ದನೆಯ ಬಿಡುವು. ನಮ್ಮ ಬೆಟ್ಟಕ್ಕೆ ಮಳೆ ಕಂತುಕಂತಾಗಿ ಬರುತ್ತದೆ. ಇದರಿಂದಲೇ ಬುಡದ ಒಣಕಾಡಿನಲ್ಲೂ ಹಸಿರು ಹೆಚ್ಚು ದಿನ ಉಳಿಯುತ್ತದೆ.

ಇಲ್ಲಿಯ ನೀರೆಲ್ಲ ಕೊನೆಗೆ ಕಾವೇರಿಗೆ. ನನ್ನ ಹೆಸರಿನ ಹೊಳೆಗೆ ಅತ್ತಿಗುಳಿಪುರದ ಹತ್ತಿರ ಅಣೆಕಟ್ಟೆ ಇದೆ, ಪಕ್ಕದಲ್ಲೇ ಚಿಕ್ಕಹೊಳೆಯದೂ ಇದೆ. ಯಳಂದೂರಿನ ಗದ್ದೆಗೆ ನೀರು ಬರುವುದು ಮೇಲಿನ ಹುಲ್ಲುಗಾವಲು ಮತ್ತು ಶೋಲಾಗಳು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಟ್ಟುಕೊಡುವುದರಿಂದ. ಮಕ್ಕಳಿಗೆ ಯಾವ ಘಟ್ಟ ಎಂದು ಹೇಳುವ ಮೊದಲು ಯಾವ ಹೊಳೆ ಎಂದು ಹೇಳಿ ಸರ್. ಪರೀಕ್ಷೆಗೆ ಬರದಿದ್ದರೂ ನೆನಪಿನಲ್ಲಿ ಉಳಿಯುತ್ತದೆ.

ಕೊಳ್ಳೇಗಾಲದವ

ಕಲ್ಲು, ಮಳೆ ಆಯಿತು. ರಂಗಪ್ಪನನ್ನು ಬಿಟ್ಟು ಈ ಬೆಟ್ಟದ ಮಾತು ಮುಗಿಯುತ್ತದೆಯೇ?

ಬಿಳಿ ಬಂಡೆಯ ಅಂಚಿನಲ್ಲಿ ರಂಗನಾಥನ ಗುಡಿ. ವೈಶಾಖದಲ್ಲಿ ತೇರು. ಶ್ರೀವೈಷ್ಣವ ಸಂಪ್ರದಾಯದ ದೇವರು ಹೌದು, ಆದರೆ ಬಯಲುಸೀಮೆಯಿಂದ ಬರುವ ಒಕ್ಕಲಿನವರು, ದಾಸಯ್ಯಗಳು, ಬೆಟ್ಟದ ಸೋಲಿಗರು ತಂತಮ್ಮ ರಂಗಪ್ಪನನ್ನು ತಾವೇ ತಂದುಕೊಂಡಿದ್ದಾರೆ. ದೇವರಿಗೆ ದೊಡ್ಡ ಅಳತೆಯ ಚರ್ಮದ ಪಾದುಕೆ ಒಪ್ಪಿಸುವ ಪದ್ಧತಿ ಇದೆ. ರಾತ್ರಿ ಆತ ಅದನ್ನು ಮೆಟ್ಟಿಕೊಂಡು ಕಾಡು ಸುತ್ತುತ್ತಾನೆ, ಆದ್ದರಿಂದಲೇ ಸವೆಯುತ್ತದೆ ಎನ್ನುತ್ತಾರೆ. ಗರ್ಭಗುಡಿಯಲ್ಲಿ ಕೂರಲಾರದ ದೇವರು!

ಸೋಲಿಗರಿಗೆ ಆತ ಭಾವ. ಕಥೆ ಹೀಗೆ: ರಂಗಪ್ಪ ಸೋಲಿಗರ ಹುಡುಗಿ ಕುಸುಮಾಲೆಯನ್ನು ಕಂಡು ಮೋಹಿಸಿದ, ಮದುವೆಯಾದ. ಹೆಣ್ಣು ಕೊಟ್ಟ ಮೇಲೆ ನೆಂಟಸ್ತಿಕೆ ಆಯಿತಲ್ಲ. ನಮ್ಮ ಸೀಮೆಯಲ್ಲಿ ಭಾವನೊಂದಿಗೆ ಎಷ್ಟು ಸಲುಗೆ ಇರುತ್ತದೆ ಎಂಬುದು ನಿಮಗೆಲ್ಲ ಗೊತ್ತೇ ಇದೆ. ಭಾವನನ್ನು ಗೇಲಿ ಮಾಡಬಹುದು, ಬೈಯಬಹುದು, ಹಕ್ಕಿನಿಂದ ಕೇಳಬಹುದು. ದೇವರ ಎದುರು ಕೈಮುಗಿದು ನಿಲ್ಲುವವನ ಭಕ್ತಿಯೇ ಬೇರೆ, ಭಾವನ ಮನೆಗೆ ಬಂದವನ ಭಕ್ತಿಯೇ ಬೇರೆ. ಹೀಗೆ ಕಾಡಿನ ಜನ ಊರಿನ ದೇವರನ್ನು ಮನೆಯವನನ್ನಾಗಿ ಮಾಡಿಕೊಂಡದ್ದು ನನಗೆ ಈ ಬೆಟ್ಟದ ಅತ್ಯಂತ ಜಾಣ ಸಂಗತಿಯಾಗಿ ಕಾಣುತ್ತದೆ. ಆಚೆ ಮಹದೇಶ್ವರನ ಬೆಟ್ಟದಲ್ಲಿ ಮಾದಪ್ಪನ ಕಥೆಯಲ್ಲೂ ಸೋಲಿಗರು ಬರುತ್ತಾರೆ. ಕಂಸಾಳೆಯವರ ಬಾಯಲ್ಲಿ ಆ ಸಾಲು ಕೇಳಬೇಕು, ಎಪ್ಪತ್ತೇಳು ಮಲೆಯೂ ಕಣ್ಣಮುಂದೆ ಬರುತ್ತದೆ.

ಪೋಡಿನಿಂದ

ನಾನು ಸೋಲಿಗ ಸಮುದಾಯದವನು, ಬೆಟ್ಟದ ಮೇಲಿನ ಒಂದು ಪೋಡಿನವನು (ನಮ್ಮ ಹಾಡಿಗೆ ಪೋಡು ಎನ್ನುತ್ತೇವೆ). ಹಾದಿಹೋಕ ಮೇಷ್ಟ್ರೇ, ನಿಮ್ಮ ಪಠ್ಯದ ಆ ಒಂದು ಸಾಲನ್ನು ಓದಿ ನಗು ಬಂತು. ಜೇನು ಕೊಯ್ಯುವುದು ವರ್ಷದಲ್ಲಿ ಕೆಲವು ವಾರಗಳ ಕೆಲಸ. ಉಳಿದ ದಿನಗಳಲ್ಲಿ ನಾವೂ ರಾಗಿ ಬೆಳೆಯುತ್ತೇವೆ, ಕಾಫಿ ಬೆಳೆಯುತ್ತೇವೆ, ಕೂಲಿಗೆ ಹೋಗುತ್ತೇವೆ, ಮೊಬೈಲ್ ನೋಡುತ್ತೇವೆ.

ನೀವೆಲ್ಲ ಬೆಟ್ಟವನ್ನು ಮಳೆ, ಎತ್ತರ, ಕಲ್ಲಿನ ಲೆಕ್ಕದಲ್ಲಿ ಹಂಚಿದಿರಿ. ನಮ್ಮ ಹಿರಿಯರದು ಬೇರೆ ಲೆಕ್ಕ, ಅದು ಎಲ್ಲೆಯ ಲೆಕ್ಕ. ಇಡೀ ಕಾಡು ಎಲ್ಲೆಗಳಾಗಿ ಹಂಚಿಕೆಯಾಗಿದೆ, ಒಂದೊಂದು ಎಲ್ಲೆಯೂ ಒಂದೊಂದು ಕುಲಕ್ಕೆ ಸೇರಿದ್ದು. ಎಲ್ಲೆಯ ಒಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ಪೂಜೆಯ ಜಾಗಗಳಿವೆ. ಹೊರಗಿನವರಿಗೆ ಅಲ್ಲಿ ಒಂದು ಮರ, ಒಂದು ಬಂಡೆ, ಒಂದು ಝರಿ ಕಾಣುತ್ತದೆ. ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯವರು ನಮ್ಮ ಹಿರಿಯರ ಜೊತೆ ಕಾಡು ಸುತ್ತಿ ಈ ಜಾಗಗಳನ್ನು ನಕ್ಷೆಗೆ ಇಳಿಸಿದಾಗ 489 ತಾಣಗಳು ದಾಖಲಾದವು. ನಮ್ಮವರೇ ಆದ ಡಾ. ಸಿ. ಮಾದೇಗೌಡರು ಆ ಕೆಲಸದಲ್ಲಿ ಇದ್ದರು.

ದೊಡ್ಡಸಂಪಿಗೆಯನ್ನು ನೋಡಿದವರು ಇಲ್ಲಿ ಇರಬಹುದು. ಭಾರ್ಗವಿ ಹೊಳೆಯ ಬದಿಯ ಆ ಸಂಪಿಗೆ ಮರದ ವಯಸ್ಸನ್ನು ಕೆಲವರು 600 ವರ್ಷ ಎನ್ನುತ್ತಾರೆ, ಕೆಲವರು 2000 ಎನ್ನುತ್ತಾರೆ. ನಾವು ಕೇಳುವುದು ವಯಸ್ಸನ್ನಲ್ಲ. ಬುಡದ ಸುತ್ತ ಲಿಂಗದಂತೆ ನಿಂತ ಕಲ್ಲುಗಳಿವೆ, ಅವುಗಳಿಗೆ ಪೂಜೆ ಸಲ್ಲುತ್ತದೆ. ಪ್ರವಾಸಿಗಳು ಮರವನ್ನು ತಬ್ಬಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ. ಚಪ್ಪಲಿ ಬಿಟ್ಟು ಬನ್ನಿ ಎಂದರೆ ಆಶ್ಚರ್ಯಪಡುತ್ತಾರೆ.

1974ರಲ್ಲಿ ವನ್ಯಜೀವಿ ಧಾಮವಾಯಿತು. ಅಲ್ಲಿಯ ತನಕ ನಮ್ಮವರು ಜಾಗ ಬದಲಿಸುತ್ತಾ ಬೇಸಾಯ ಮಾಡುತ್ತಿದ್ದರು. ಒಂದು ಕಡೆ ಕೆಲವು ವರ್ಷ ರಾಗಿ, ಸಾಸಿವೆ, ಅವರೆ, ಆಮೇಲೆ ಆ ನೆಲವನ್ನು ಕಾಡಿಗೆ ಬಿಟ್ಟು ಇನ್ನೊಂದು ಕಡೆಗೆ. ಧಾಮದ ನಂತರ ಅದು ನಿಂತಿತು, ಕಾಡಿನೊಳಗೆ ಚದುರಿದ್ದ ಪೋಡುಗಳನ್ನು ರಸ್ತೆಯ ಹತ್ತಿರಕ್ಕೆ ತಂದು ಕೂರಿಸಿದರು. ಎಲ್ಲೆ ಒಂದು ಕಡೆ, ಮನೆ ಇನ್ನೊಂದು ಕಡೆ. ನನ್ನ ತಾತನ ಕುಲದ ದೇವರಿಗೆ ಹೋಗಬೇಕಾದರೆ ಅರ್ಧ ದಿನ ನಡೆಯಬೇಕು.

ಹಬ್ಬಗಳು ಮಾತ್ರ ಜೊತೆಯಲ್ಲೇ ಬಂದವು. ರಾಗಿ ಕೊಯ್ಲಾದ ಮೇಲೆ ರೊಟ್ಟಿ ಹಬ್ಬ. ಹೊಸ ರಾಗಿಯ ರೊಟ್ಟಿ, ಕುಂಬಳಕಾಯಿ ಪಲ್ಯ, ಮೊದಲು ದೇವರಿಗೆ, ಆಮೇಲೆ ನಮಗೆ. ರಾತ್ರಿ ಬೆಂಕಿಯ ಸುತ್ತ "ಗೋರುಕ ಗೋರುಕನ" ಹಾಡುತ್ತಾ ಕುಣಿಯುವುದು. ಒಬ್ಬರು ಸಾಲು ಎತ್ತಿಕೊಟ್ಟರೆ ಉಳಿದವರು ಹಿಡಿದುಕೊಳ್ಳುತ್ತಾರೆ. ಬೆಳಕು ಹರಿಯುವ ತನಕ ನಡೆಯುತ್ತದೆ. ವೇದಿಕೆಯ ಮೇಲೆ ಹತ್ತು ನಿಮಿಷ ಕುಣಿಸುವ ಕಾರ್ಯಕ್ರಮ ನೋಡಿ ಅದೇ ಇದು ಎಂದುಕೊಳ್ಳಬೇಡಿ. ಕಾಡಿಗೆ ಹಾಕುತ್ತಿದ್ದ ಬೆಂಕಿ ಒಂದು ಮಾತ್ರ ಹೋಯಿತು. ಅದು ಹೋದ ಮೇಲೆ ಕಾಡೂ ಬದಲಾಯಿತು.

ಕಾಡುಕೋಳಿ

ಮೇಲಿನವರ ಬರಹವನ್ನು ಗೌರವದಿಂದಲೇ ಓದಿದೆ. ಆದರೆ ಕೊನೆಯ ಎರಡು ಸಾಲಿನ ಹತ್ತಿರ ನಿಂತುಬಿಟ್ಟೆ. ಬೆಂಕಿ ಹೋದದ್ದರಿಂದ ಕಾಡು ಹಾಳಾಯಿತು ಎನ್ನುವ ಅರ್ಥ ಬರುತ್ತದೆ. ನಾನು ಬೇಸಿಗೆಯಲ್ಲಿ ಕಾಳ್ಗಿಚ್ಚು ಆರಿಸಲು ಸ್ವಯಂಸೇವಕನಾಗಿ ಹೋಗಿದ್ದೇನೆ. ಫೆಬ್ರುವರಿ ಕಳೆದ ಮೇಲೆ ಹೊತ್ತಿಕೊಂಡ ಗುಡ್ಡ ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗಳ ಗೂಡು, ಆಮೆ, ಹಾವು, ಒಂದು ಅಡಿ ಬೆಳೆದ ಸಸಿ ಎಲ್ಲವೂ ಕಪ್ಪು ಬೂದಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಸೆಕ್ಷನ್ ಧಾಮದೊಳಗೆ ಬೆಂಕಿ ಹಚ್ಚುವುದನ್ನು ನಿಷೇಧಿಸಿರುವುದು ಸುಮ್ಮನೆ ಅಲ್ಲ. ಸಂಪ್ರದಾಯ ಎಂಬ ಒಂದೇ ಕಾರಣಕ್ಕೆ ಅದನ್ನು ಹೊಗಳುವುದು ಸರಿಯಲ್ಲ.

ಪೋಡಿನಿಂದ

ಕಾಡುಕೋಳಿ ಅಣ್ಣ, ನೀವು ಆರಿಸಿದ ಬೆಂಕಿ ಯಾವ ತಿಂಗಳದು ಎಂದು ನೀವೇ ಬರೆದಿದ್ದೀರಿ. ನಮ್ಮದು ತರಗು ಬೆಂಕಿ. ಅದರ ಕಾಲವೇ ಬೇರೆ.

ಜನವರಿಯಲ್ಲಿ ಎಲೆ ಉದುರಲು ಶುರುವಾದಾಗ, ಬೆಳಗಿನ ಇಬ್ಬನಿಯ ತೇವ ಹುಲ್ಲಿನಲ್ಲಿ ಇನ್ನೂ ಇರುವಾಗ ಅದನ್ನು ಹಾಕುತ್ತಿದ್ದರು. ತರಗು ತೆಳ್ಳಗಿರುತ್ತದೆ. ಉರಿ ಮೊಳಕಾಲಿನ ಎತ್ತರ ದಾಟುವುದಿಲ್ಲ, ನೆಲ ನೆಕ್ಕುತ್ತಾ ಹೋಗಿ ತಂಪು ಕಂಡಲ್ಲಿ ತಾನಾಗಿ ಆರುತ್ತದೆ. ಒಂದೇ ವರ್ಷ ಇಡೀ ಗುಡ್ಡವನ್ನು ಸುಡುತ್ತಿರಲಿಲ್ಲ, ಇಲ್ಲೊಂದು ತುಂಡು ಅಲ್ಲೊಂದು ತುಂಡು. ಮಾರ್ಚ್ ಹೊತ್ತಿಗೆ ಸುಡಲು ನೆಲದಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಈಗ ಹತ್ತಾರು ವರ್ಷಗಳ ತರಗು, ಅದರ ಮೇಲೆ ಒಣಗಿದ ಲಂಟಾನ ಎಂಬ ಕಳೆಪೊದೆ. ಅದಕ್ಕೆ ಕಿಡಿ ಬಿದ್ದರೆ ಉರಿ ಮರದ ನೆತ್ತಿಗೆ ಏರುತ್ತದೆ. ನೀವು ಕಂಡದ್ದು ಅದನ್ನೇ.

ನೆಲ್ಲಿ ಮರದ ಸಂಗತಿ ಹೇಳುತ್ತೇನೆ. ನೆಲ್ಲಿಗೆ ಉಪ್ಪಿಲು ಹಿಡಿಯುತ್ತದೆ. ನೀವು ಬಂದಣಿಕೆ ಎನ್ನುತ್ತೀರಿ. ಹಕ್ಕಿ ಅದರ ಹಣ್ಣು ತಿಂದು ಇನ್ನೊಂದು ರೆಂಬೆಗೆ ಕೊಕ್ಕು ಉಜ್ಜುತ್ತದೆ ಅಥವಾ ಹಿಕ್ಕೆ ಹಾಕುತ್ತದೆ, ಅಂಟುಬೀಜ ಅಲ್ಲಿಯೇ ಕೂತು ತೊಗಟೆಯೊಳಗೆ ಬೇರು ಇಳಿಸುತ್ತದೆ. ಮೊದಲು ಕೈಯಗಲದ ಹಸಿರು ಗೊಂಚಲು. ಎರಡು ಮೂರು ವರ್ಷದಲ್ಲಿ ಅದರ ಆಚೆಯ ರೆಂಬೆ ಒಣಗುತ್ತದೆ, ಗೊಂಚಲು ಮಾತ್ರ ದಪ್ಪಗೆ ನಳನಳಿಸುತ್ತದೆ. ಆಮೇಲೆ ಮರವೇ ಹೋಗುತ್ತದೆ. ಕಾಯಿ ಕೊಯ್ಯಲು ಹೋದವರು ಕತ್ತಿಯಲ್ಲಿ ಉಪ್ಪಿಲು ಹಿಡಿದ ರೆಂಬೆಯನ್ನು ಕಡಿದುಹಾಕಿ ಬರುತ್ತಿದ್ದರು, ಯಾರೂ ಹೇಳಬೇಕಾಗಿರಲಿಲ್ಲ. ತರಗು ಬೆಂಕಿಯ ಹೊಗೆಗೂ ಶಾಖಕ್ಕೂ ಉಪ್ಪಿಲು ತಗ್ಗುತ್ತದೆ ಎಂಬುದು ನಮ್ಮ ಹಿರಿಯರ ಅನುಭವ. ಮೊದಲು ಬೆಂಕಿ ನಿಂತಿತು. ಆಮೇಲೆ ಧಾಮದೊಳಗೆ ಮಾರಾಟಕ್ಕಾಗಿ ಕಿರು ಅರಣ್ಯ ಉತ್ಪನ್ನ ತರಬಾರದು ಎಂಬ ಕಾನೂನು ಬಂತು, ನೆಲ್ಲಿ ಕೊಯ್ಯಲು ಹೋಗುವುದೂ ನಿಂತಿತು. ಈಗ ಉಪ್ಪಿಲು ಕಡಿಯುವವರೇ ಇಲ್ಲ.

ಕಾಡುಕೋಳಿ

ವಿವರಕ್ಕೆ ಧನ್ಯವಾದ. ಮೊಳಕಾಲೆತ್ತರದ ಉರಿಯ ಮಾತನ್ನು ಒಪ್ಪುತ್ತೇನೆ ಎಂದಿಟ್ಟುಕೊಳ್ಳಿ. ಆದರೂ ಎರಡು ಪ್ರಶ್ನೆ ಉಳಿಯುತ್ತವೆ. ಒಂದು, ಮೊದಲು ಲಂಟಾನ ಇಷ್ಟಿರಲಿಲ್ಲ. ಈಗ ಅದು ಎದೆಯೆತ್ತರ ಬೆಳೆದಿರುವಾಗ ಜನವರಿಯಲ್ಲಿ ಹಾಕಿದರೂ ಬೆಂಕಿ ಮೊದಲಿನಂತೆ ಸೌಮ್ಯವಾಗಿ ಇರುತ್ತದೆಯೇ? ಎರಡು, ಮಾರಾಟದ ನೆಲ್ಲಿಕಾಯಿಗೆ ದುಡ್ಡು ಬಂದ ಮೇಲೆ ಮರದಲ್ಲಿ ಕಾಯಿ ಬಿಡದೆ ಕೊಯ್ದದ್ದೂ ಉಂಟಲ್ಲವೇ? ರೆಂಬೆಗಳನ್ನೇ ಕತ್ತರಿಸಿ ಕೆಳಗೆ ಹಾಕಿ ಕಾಯಿ ಬಿಡಿಸಿಕೊಂಡವರನ್ನು ನಾನು ಬೇರೆ ಕಾಡುಗಳಲ್ಲಿ ಕಂಡಿದ್ದೇನೆ. ನಿಷೇಧಕ್ಕೆ ಅದೂ ಒಂದು ಕಾರಣ.

ಎಲೆಮರೆ

ಸಸ್ಯಶಾಸ್ತ್ರ ಓದಿದವಳು, ಈ ಬೆಟ್ಟದ ಮೇಲಿನ ಸಂಶೋಧನಾ ಬರಹಗಳನ್ನು ಹಿಂಬಾಲಿಸುತ್ತಾ ಬಂದಿದ್ದೇನೆ. ಇಬ್ಬರ ನಡುವೆ ಸ್ವಲ್ಪ ಜಾಗ ಮಾಡಿಕೊಂಡು ಕೂರುತ್ತೇನೆ.

ಕಾಡುಕೋಳಿಯವರ ಎರಡನೆಯ ಪ್ರಶ್ನೆಗೆ ಇಲ್ಲಿಯೇ ಅಧ್ಯಯನ ನಡೆದಿದೆ. ಈ ಬೆಟ್ಟದಲ್ಲಿ ಎರಡು ಜಾತಿಯ ನೆಲ್ಲಿ ಇವೆ. ಅವು ಕ್ಷೀಣಿಸುತ್ತಿರುವುದು ನಿಜ. ಆದರೆ ಕಾಯಿ ಕೊಯ್ಯುವುದು ನಿಂತ ಮಾತ್ರಕ್ಕೆ ಅವು ಚೇತರಿಸಿಕೊಳ್ಳಲಿಲ್ಲ. ಬಂದಣಿಕೆ ಮತ್ತು ಲಂಟಾನಗಳ ಹೊಡೆತ ಕೊಯ್ಲಿಗಿಂತ ದೊಡ್ಡದು ಎಂಬುದು ಹೊರಬಂದ ಸಂಗತಿ. ದೊಡ್ಡ ಮರ ಬಂದಣಿಕೆಯಿಂದ ಸಾಯುತ್ತದೆ, ಸಸಿ ಲಂಟಾನದ ನೆರಳಿನಲ್ಲಿ ಮೇಲೇಳುವುದಿಲ್ಲ. ಎರಡೂ ತುದಿಯಿಂದ ಪೆಟ್ಟು.

ಲಂಟಾನ 19ನೇ ಶತಮಾನದ ಆರಂಭದಲ್ಲಿ ಉದ್ಯಾನದ ಹೂಗಿಡವಾಗಿ ಭಾರತಕ್ಕೆ ಬಂತು. ಈ ಬೆಟ್ಟದಲ್ಲಿ 1997ರಲ್ಲಿ ಅಳೆದ ಜಾಗಗಳನ್ನೇ 2008ರಲ್ಲಿ ಮತ್ತೆ ಅಳೆದಾಗ, ಅದು ಕಂಡುಬಂದ ಜಾಗಗಳು ಸುಮಾರು ಇಮ್ಮಡಿಯಾಗಿದ್ದವು. ಗಿಡಗಳ ದಟ್ಟಣೆ ಅದಕ್ಕಿಂತಲೂ ಹೆಚ್ಚಿತ್ತು. ಬೆಂಕಿ ನಿಂತದ್ದೇ ಏಕೈಕ ಕಾರಣ ಎಂದು ನಾನು ಹೇಳುವುದಿಲ್ಲ. ಸೋಲಿಗ ಹಿರಿಯರು ಕೊಡುವ ವಿವರಣೆ ಇಷ್ಟು: ಮೊದಲು ಲಂಟಾನ ರಸ್ತೆಯಂಚಿನಲ್ಲಿ ಅಲ್ಲಲ್ಲಿ ಇತ್ತು, ವರ್ಷವರ್ಷದ ತರಗು ಬೆಂಕಿ ಅದರ ಎಳೆಗಿಡಗಳನ್ನು ಅಲ್ಲೇ ಮುಗಿಸುತ್ತಿತ್ತು, ಬೆಂಕಿ ನಿಂತ ಮೇಲೆ ಒಳಗೆ ನುಗ್ಗಿತು. ಇದನ್ನು ಅಲ್ಲಗಳೆಯುವ ಆಧಾರ ನನಗೆ ಸಿಕ್ಕಿಲ್ಲ.

ಮೊದಲ ಪ್ರಶ್ನೆಯಲ್ಲಿ ಮಾತ್ರ ನಾನು ಕಾಡುಕೋಳಿಯವರ ಕಡೆ. ಲಂಟಾನ ಬೇರೂರಿ ದಟ್ಟವಾದ ಕಡೆ ಇಂದು ಬೆಂಕಿ ಹಾಕಿದರೆ ಅದು ತರಗು ಬೆಂಕಿಯಾಗಿ ಉಳಿಯುವುದಿಲ್ಲ. ಮೇಲಾಗಿ ಸುಟ್ಟ ಲಂಟಾನ ಬುಡದಿಂದ ಮತ್ತೆ ಚಿಗುರುತ್ತದೆ. ಮೊದಲು ಕೈಯಿಂದ ಬುಡಸಹಿತ ಕಿತ್ತು, ಹುಲ್ಲು ಬರಲು ಬಿಟ್ಟು, ಆಮೇಲೆ ಬೆಂಕಿಯ ಮಾತು. ಆ ಕೆಲಸಕ್ಕೆ ಕೂಲಿ ಬೇಕು, ವರ್ಷಗಟ್ಟಲೆ ಬೆನ್ನು ಬೀಳಬೇಕು. ಮಹದೇಶ್ವರ ಬೆಟ್ಟದ ಕಡೆ ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿ ಹೆಣೆಯುತ್ತಾರೆ. ಒಳ್ಳೆಯ ಕಸುಬು, ಆದರೆ ಕಾಡಿನಲ್ಲಿರುವ ಲಂಟಾನಕ್ಕೆ ಹೋಲಿಸಿದರೆ ಅದಕ್ಕೆ ಖರ್ಚಾಗುವುದು ಅತ್ಯಲ್ಪ.

ಪಾಠಕ್ಕೆ ಬೇಕಾದರೆ ಎರಡು ಸಣ್ಣ ಜೀವಿಗಳನ್ನು ಸೇರಿಸಿಕೊಳ್ಳಿ ಸರ್. 2000ದಲ್ಲಿ ಇಲ್ಲಿಂದ ವಿವರಿಸಿದ ಒಂದು ಪುಟ್ಟ ಕಪ್ಪೆಗೆ ಮೈಕ್ರೊಹೈಲಾ ಶೋಲಿಗರಿ ಎಂದು ಹೆಸರಿಟ್ಟರು. 2021ರಲ್ಲಿ ಒಂದು ಕಣಜದ ಹೊಸ ಕುಲಕ್ಕೇ ಸೋಲಿಗ ಎಂಬ ಹೆಸರು ಬಂತು, ಅದರ ಪ್ರಭೇದ ಸೋಲಿಗ ಎಕಾರಿನೇಟ. ಮಕ್ಕಳು ಇಂಥದ್ದನ್ನು ಬೇಗ ಹಿಡಿದುಕೊಳ್ಳುತ್ತಾರೆ.

ಕಲ್ಲುಕುಟಿಗ

ಬೆಂಕಿಯ ನಡುವೆ ಸ್ವಲ್ಪ ಕಾಫಿ. ಈ ಬೆಟ್ಟದ ಎತ್ತರದ ಭಾಗದಲ್ಲಿ 19ನೇ ಶತಮಾನದ ಕೊನೆಯ ಭಾಗದಿಂದ ಕಾಫಿ ತೋಟಗಳಿವೆ: ಅತ್ತಿಖಾನೆ, ಹೊನ್ನಮೇಟಿ, ಬೇಡಗುಳಿ. ಮೋರಿಸ್ ಎಂಬ ಬ್ರಿಟಿಷ್ ಕುಟುಂಬ ಅವನ್ನು ಮಾಡಿತು. ಮಗ ಆರ್.ಸಿ. ಮೋರಿಸ್ ಬೇಟೆಗಾರನೂ ಹೌದು, ಪ್ರಾಣಿಗಳ ಬಗ್ಗೆ ಟಿಪ್ಪಣಿ ಬರೆದಿಟ್ಟವನೂ ಹೌದು. ಅಂದರೆ ಸೋಲಿಗರ ಬೇಸಾಯ ನಿಂತುಹೋದ ಕಾಡಿನಲ್ಲೇ ತೋಟಗಳು ಮಾತ್ರ ಮುಂದುವರಿದವು. ನಾನು ಟೀಕಿಸುತ್ತಿಲ್ಲ, ನಕ್ಷೆಯಲ್ಲಿ ಕಾಣುವುದನ್ನು ಹೇಳಿದೆ. ಹೊನ್ನಮೇಟಿಯಲ್ಲಿ ಒಂದು ಬಂಡೆ ಇದೆ, ಸಣ್ಣ ಕಲ್ಲಿನಿಂದ ತಟ್ಟಿದರೆ ಲೋಹದ ನಾದ ಬರುತ್ತದೆ. ಬಿರುಕಿಲ್ಲದೆ ಬಿಗಿಯಾಗಿ ಬೆಸೆದುಕೊಂಡು, ಬುಡ ಹೆಚ್ಚು ನೆಲಕ್ಕೆ ತಾಗದೆ ಕುಳಿತ ಬಂಡೆಗಳು ಹೀಗೆ ಮೊಳಗುತ್ತವೆ. ಆದರೆ ಆ ಕಡೆ ಹೋಗಲು ಅನುಮತಿ ಬೇಕು.

ಸುವರ್ಣಾವತಿ

ಮೋರಿಸ್ ಬಗ್ಗೆ ಬರೆದವರು ಡಾ. ಎಚ್. ಸುದರ್ಶನ್ ಅವರನ್ನು ಹೇಗೆ ಬಿಟ್ಟಿರಿ? ವೈದ್ಯರಾಗಿ ಬೆಟ್ಟಕ್ಕೆ ಬಂದವರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು, 2000ದಲ್ಲಿ ಪದ್ಮಶ್ರೀ. ಇಲ್ಲಿನ ಸೋಲಿಗರಲ್ಲಿ ಕುಡಗೋಲು ಕಣ ರಕ್ತಹೀನತೆ (ಸಿಕಲ್ ಸೆಲ್, ತಂದೆತಾಯಿಯಿಂದ ಬರುವ ರಕ್ತದ ಕಾಯಿಲೆ) ಇದೆ ಎಂಬುದು ಹೊರಗೆ ಗೊತ್ತಾದದ್ದು ಇಂಥ ಆರೋಗ್ಯ ಕೆಲಸದಿಂದ. ಸುಸ್ತು, ಕೀಲುನೋವು ಎಂದು ಬಂದ ಮಗುವಿಗೆ ಬರೀ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿದರೆ ಸಾಲದು ಎಂದು ಅರ್ಥವಾಗಲು ಯಾರಾದರೂ ಅಲ್ಲೇ ಉಳಿದು ನೋಡಬೇಕಾಗಿತ್ತು. ಕೇಂದ್ರದ ಶಾಲೆಯಲ್ಲಿ ಓದಿದವರು ಇಂದು ಸಮುದಾಯದ ಪರವಾಗಿ ತಾವೇ ಮಾತನಾಡುತ್ತಿದ್ದಾರೆ. ಅರಣ್ಯ ಹಕ್ಕಿನ ಅರ್ಜಿ ಬರೆದವರೂ ಅವರೇ.

ಹಾದಿಹೋಕ

ಒಂದು ಸಾಲಿನ ಪಾಠ ಈಗ ಒಂದು ವಾರದ್ದಾಯಿತು. ಎಲ್ಲರಿಗೂ ಕೃತಜ್ಞತೆ. ಅರಣ್ಯ ಹಕ್ಕಿನ ವಿಷಯ ಸ್ವಲ್ಪ ಬಿಡಿಸಿ ಹೇಳುವಿರಾ? ಹುಲಿ ಸಂರಕ್ಷಿತ ಪ್ರದೇಶವೆಂದರೆ ಜನರನ್ನು ಹೊರಗೆ ಕಳಿಸುವುದು ಎಂದೇ ನನ್ನ ತಿಳಿವಳಿಕೆ. ಮತ್ತೆ, ಮಕ್ಕಳನ್ನು ಕರೆತಂದರೆ ಏನು ತೋರಿಸಲಿ?

ಪೋಡಿನಿಂದ

2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಅಧಿಸೂಚನೆ ಬಂದಾಗ ನಮ್ಮ ಹಿರಿಯರಿಗೂ ಅದೇ ಭಯ ಇತ್ತು. ಅದೇ ವರ್ಷ ಅಕ್ಟೋಬರಿನಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯ ಕೆಳಗೆ 25 ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂಥ ಹಕ್ಕು ಮಾನ್ಯವಾದದ್ದು ದೇಶದಲ್ಲಿ ಅದೇ ಮೊದಲು. ಜೇನು, ನೆಲ್ಲಿ, ಸೀಗೆ, ಪಾಚಿ ತರುವುದಕ್ಕೂ, ಎಲ್ಲೆಯ ದೇವರಿಗೆ ಹೋಗುವುದಕ್ಕೂ ಹಕ್ಕಿದೆ. ಹುಲಿಯ ಜೊತೆ ನಮಗೆ ಜಗಳವಿಲ್ಲ, ಹುಲಿವೀರಪ್ಪ ಎಂದು ಪೂಜೆ ಮಾಡುವವರು ನಾವು. ಪತ್ರ ಸಿಕ್ಕಿದ ಮೇಲೆ ಎಲ್ಲ ಸರಿಹೋಯಿತು ಎಂದೇನೂ ಅಲ್ಲ. ಪತ್ರದಲ್ಲಿ ಬರೆದದ್ದನ್ನು ಗೇಟಿನಲ್ಲಿ ನಿಂತವರಿಗೆ ಪ್ರತಿ ಸಲ ಓದಿ ಹೇಳಬೇಕಾಗುತ್ತದೆ.

ಮಕ್ಕಳನ್ನು ಹೆಜ್ಜೇನಿನ ಕಾಲದಲ್ಲಿ ಕರೆತನ್ನಿ, ಏಪ್ರಿಲ್‌ನಿಂದ ಜೂನ್ ಒಳಗೆ. ಜೇನು ಕೊಯ್ಯುವುದನ್ನು ತೋರಿಸಲು ಆಗುವುದಿಲ್ಲ, ಅದು ಕತ್ತಲಲ್ಲಿ ನಡೆಯುವ ಕೆಲಸ. ಆದರೆ ಹೆಜ್ಜೇನು, ತುಡುವೆ, ಕಡ್ಡಿಜೇನು, ನಸರಿ ಇವುಗಳ ತುಪ್ಪವನ್ನು ಬೇರೆಬೇರೆಯಾಗಿ ನಾಲಿಗೆಗೆ ಹಚ್ಚಿಸಬಹುದು. ಹೆಜ್ಜೇನಿನಲ್ಲೂ ಯಾವ ಹೂವಿನ ಕಾಲದ್ದು ಎಂಬುದರ ಮೇಲೆ ರುಚಿ ಬದಲಾಗುತ್ತದೆ. ನೇರಳೆ ಹೂವಿನ ತುಪ್ಪ ಸ್ವಲ್ಪ ಕಹಿ. ಮಕ್ಕಳು ಮುಖ ಸಿಂಡರಿಸುತ್ತಾರೆ, ಹಿರಿಯರು ಅದನ್ನೇ ಕೇಳಿ ತೆಗೆದುಕೊಳ್ಳುತ್ತಾರೆ.

ಕಾಡುಕೋಳಿ

ಒಂದು ಪ್ರಶ್ನೆ ಇಟ್ಟುಕೊಂಡೇ ಇದ್ದೇನೆ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಸಮುದಾಯಕ್ಕೆ ತನ್ನ ಕಾಡನ್ನು ರಕ್ಷಿಸುವ, ನಿರ್ವಹಿಸುವ ಹಕ್ಕೂ ಇದೆ. ವನ್ಯಜೀವಿ ಕಾಯ್ದೆಯಲ್ಲಿ ಬೆಂಕಿಗೆ ನಿಷೇಧ ಇದೆ. ಗ್ರಾಮಸಭೆ ಕುಳಿತು, ಲಂಟಾನ ಕಿತ್ತ ಒಂದು ತುಂಡು ನೆಲದಲ್ಲಿ, ಜನವರಿಯಲ್ಲಿ, ಇಲಾಖೆಯವರನ್ನೂ ಜೊತೆಗಿಟ್ಟುಕೊಂಡು ತರಗು ಬೆಂಕಿ ಹಾಕುತ್ತೇವೆ ಎಂದು ನಿರ್ಣಯ ಮಾಡಿದರೆ ಏನಾಗುತ್ತದೆ? ಪಕ್ಕದ ತುಂಡನ್ನು ಸುಡದೆ ಬಿಟ್ಟು ಎರಡನ್ನೂ ಐದಾರು ವರ್ಷ ಅಳೆದರೆ ನನ್ನಂಥವರ ಬಾಯಿಯೂ ಮುಚ್ಚುತ್ತದೆ, ಅಥವಾ ನಿಮ್ಮದು.

ಎಲೆಮರೆ

ಹಾಗೆ ಮಾಡುವುದಾದರೆ ಮೊದಲ ವರ್ಷವೇ ಹುಲ್ಲಿನ ಜಾತಿಗಳನ್ನು ಎಣಿಸಿಡಿ. ನೆಲ್ಲಿ ಸಸಿಗೆ ಐದು ವರ್ಷ ಸಾಲದು.

ಪೋಡಿನಿಂದ

ನಿರ್ಣಯ ಮಾಡುವುದು ಕಷ್ಟವಲ್ಲ ಅಣ್ಣ. ಜನವರಿಯ ಇಬ್ಬನಿ ಇರುವುದರೊಳಗೆ ಅದಕ್ಕೆ ಮೇಲಿನಿಂದ ಉತ್ತರ ಬರಬೇಕಲ್ಲ. ಅಳೆಯಲು ನೀವು ಬರುವುದಾದರೆ ಮುಂದಿನ ಸಭೆಯಲ್ಲಿ ವಿಷಯ ಎತ್ತುತ್ತೇನೆ. ಸಂಜೆ ಆರಕ್ಕೆ ಗೇಟು ಮುಚ್ಚುತ್ತದೆ, ಅದಕ್ಕೆ ಮುಂಚೆ ಬೆಟ್ಟ ಸೇರಿಕೊಳ್ಳಿ.